ದಂಡ ಹಾಕುವ ಮೊದಲು ಓಮ್ ಓದೋಣ

ನಾನು ದ್ವಿತೀಯ ಪಿಯುಸಿ ಕಾಮರ್ಸ್ ವಿದ್ಯಾರ್ಥಿನಿ. ಆಂಪ್ಲಿಫೈಯರ್ ಬಗ್ಗೆ ಬರೆಯಲು ಇವಳಿಗೇನು ಗೊತ್ತು ಎಂದು ಸೈನ್ಸ್ ವಿಭಾಗದವರು ಕೇಳಬಹುದು. ನನ್ನ ಮಾಮು ಮೈಕ್‌ಸೆಟ್ ಅಂಗಡಿ ನಡೆಸುತ್ತಾರೆ. ಒಂಬತ್ತನೇ ತರಗತಿಯಿಂದ ಪ್ರತಿ ಭಾನುವಾರ ಆ ಅಂಗಡಿಯ ಲೆಕ್ಕ ಬರೆಯುವುದು ನನ್ನ ಕೆಲಸ. ಬಾಡಿಗೆ ಎಷ್ಟು ಬಂತು, ರಿಪೇರಿಗೆ ಎಷ್ಟು ಹೋಯಿತು, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಎಷ್ಟು ಟ್ರಾನ್ಸಿಸ್ಟರ್ ತಂದರು ಎಂದು ಬರೆಯುತ್ತಾ ಬರೆಯುತ್ತಾ ಒಂದು ವಿಷಯ ನನಗೆ ಅರ್ಥವಾಯಿತು. ಮಾಮು ಅಂಗಡಿಗೆ ಸುಟ್ಟು ಬರುವ ಆಂಪ್ಲಿಗಳಲ್ಲಿ ಹೆಚ್ಚಿನವು ವಾಲ್ಯೂಮ್ ಜೋರು ಮಾಡಿದ ಒಂದೇ ಕಾರಣಕ್ಕೆ ಸುಟ್ಟಿರುವುದಿಲ್ಲ. ಹೊರಲಾಗದ ಬಾಕ್ಸ್‌ಗಳನ್ನು ಅವುಗಳಿಗೆ ಕಟ್ಟಿರುತ್ತಾರೆ.

ಈ ಮಾತನ್ನು ಈಗ ಹೇಳಲು ಕಾರಣವಿದೆ. ಡಿಸೆಂಬರ್‌ನಲ್ಲಿ ನಮ್ಮ ಕಾಲೇಜು ವಾರ್ಷಿಕೋತ್ಸವದಲ್ಲಿ ಏನಾಯಿತೆಂದು ಎಲ್ಲರಿಗೂ ನೆನಪಿದೆ. ಮುಖ್ಯ ಅತಿಥಿಗಳ ಭಾಷಣ ಮುಗಿದು ಪ್ರಥಮ ಪಿಯುಸಿ ಹುಡುಗಿಯರ ನಾಟಕ ಅರ್ಧಕ್ಕೆ ಬಂದಿತ್ತು. ಸೌಂಡ್ ಮೂರು ಸಲ ಹೋಗಿ ಬಂತು. ನಾಲ್ಕನೇ ಸಲ ಹೋದದ್ದು ಬರಲೇ ಇಲ್ಲ. ವೇದಿಕೆಯ ಪಕ್ಕದಲ್ಲಿ ಸುಟ್ಟ ವಾಸನೆ ಬಂತು. ಉಳಿದ ನಾಟಕವನ್ನು ಹುಡುಗಿಯರು ಮೈಕ್ ಇಲ್ಲದೆ ಕೂಗಿ ಕೂಗಿ ಮುಗಿಸಿದರು. ನಾಲ್ಕನೇ ಸಾಲಿನ ಆಚೆ ಕುಳಿತವರಿಗೆ ಒಂದು ಮಾತೂ ಕೇಳಲಿಲ್ಲ.

ಆಮೇಲೆ ನೋಟಿಸ್ ಬಂತು. ರಿಪೇರಿ ಖರ್ಚು 6,800 ರೂಪಾಯಿ. ಅದರಲ್ಲಿ ಅರ್ಧ, ಅಂದರೆ 3,400 ರೂಪಾಯಿಯನ್ನು ಅಂದು ಸೌಂಡ್ ನೋಡಿಕೊಳ್ಳುತ್ತಿದ್ದ ವಿದ್ಯಾರ್ಥಿ ಕಟ್ಟಬೇಕು. ಕಾರಣ ಎಂಬ ಜಾಗದಲ್ಲಿ ‘ಅತಿಯಾದ ವಾಲ್ಯೂಮ್, ನಿರ್ಲಕ್ಷ್ಯ’ ಎಂದು ಬರೆದಿದೆ. ಆ ಹುಡುಗನ ಹೆಸರು ನೋಟಿಸ್ ಬೋರ್ಡಿನಲ್ಲಿದೆ, ನಾನು ಇಲ್ಲಿ ಬರೆಯುವುದಿಲ್ಲ. ಅವನ ಮನೆಯಲ್ಲಿ 3,400 ರೂಪಾಯಿ ಎಂದರೆ ಏನು ಎಂಬುದು ಅವನ ಜೊತೆ ಓದುವ ನಮಗೆ ಗೊತ್ತು. ಅದರ ಜೊತೆಗೆ ಇನ್ನೊಂದು ಸುದ್ದಿಯೂ ಇದೆ. ಮತ್ತೆ ಹೀಗಾಗಬಾರದು ಎಂದು ವಿದ್ಯಾರ್ಥಿ ನಿಧಿಯಿಂದ ‘1000 ವ್ಯಾಟ್’ ಆಂಪ್ಲಿ ತರುವ ಯೋಚನೆ ನಡೆದಿದೆಯಂತೆ.

ನನ್ನ ಅಭಿಪ್ರಾಯದಲ್ಲಿ ಈ ಎರಡೂ ತೀರ್ಮಾನಗಳು ತಪ್ಪು. ಎರಡಕ್ಕೂ ಕಾರಣ ಒಂದೇ. ನಾವು ವ್ಯಾಟ್ ನೋಡಿದೆವು, ಓಮ್ ನೋಡಲಿಲ್ಲ.

ಅಂದು ಏನು ಮಾಡಿದ್ದೆವು?

ನಮ್ಮ ಆಂಪ್ಲಿಗೆ ಎರಡು ಚಾನೆಲ್. ಎಂದಿನಂತೆ ಒಂದೊಂದು ಚಾನೆಲ್‌ಗೆ ಒಂದೊಂದು ಬಾಕ್ಸ್. ಬಾಕ್ಸಿನ ಹಿಂದೆ ‘4 ಓಮ್’ ಎಂದು ಬರೆದಿದೆ. ಆಂಪ್ಲಿಯ ಬೆನ್ನಿನ ಮೇಲೂ ಸಣ್ಣ ಅಕ್ಷರದಲ್ಲಿ ಬರೆದಿದೆ: ಪ್ರತಿ ಚಾನೆಲ್‌ಗೆ ಕನಿಷ್ಠ 4 ಓಮ್. ಆ ಬೆನ್ನು ಯಾವಾಗಲೂ ಗೋಡೆಯ ಕಡೆಗೆ ಇರುವುದರಿಂದ ಯಾರೂ ಓದಿರಲಿಲ್ಲ. ನಾನೂ ಓದಿರಲಿಲ್ಲ.

ವಾರ್ಷಿಕೋತ್ಸವ ಸಭಾಂಗಣದಲ್ಲಿ ನಡೆಯಲಿಲ್ಲ, ಮೈದಾನದ ಪೆಂಡಾಲಿನಲ್ಲಿ ನಡೆಯಿತು. ಹಿಂದೆ ಕುಳಿತವರಿಗೂ ಕೇಳಲಿ ಎಂದು ನಮ್ಮ ಹೈಸ್ಕೂಲಿನಿಂದ ಇನ್ನೆರಡು ಬಾಕ್ಸ್ ತರಿಸಿದೆವು. ಅವೂ 4 ಓಮ್‌ನವೇ. ಮುಂದಿನ ಬಾಕ್ಸಿನ ಹಿಂಭಾಗದಲ್ಲಿ ಇನ್ನೊಂದು ಸಾಕೆಟ್ ಇತ್ತಲ್ಲ, ಅಲ್ಲಿಂದ ತಂತಿ ಎಳೆದು ಹಿಂದಿನ ಬಾಕ್ಸಿಗೆ ಸಿಕ್ಕಿಸಿದೆವು. ಪಿನ್ ಸರಿಯಾಗಿ ಕೂತಿತು. ಬೆಳಿಗ್ಗೆ ಪರೀಕ್ಷೆ ಮಾಡಿದಾಗ ನಾಲ್ಕೂ ಬಾಕ್ಸ್ ಚೆನ್ನಾಗಿ ಮಾತಾಡಿದವು. ಎಲ್ಲರೂ ಖುಷಿಪಟ್ಟೆವು. ಖಾಲಿ ಪೆಂಡಾಲಿನಲ್ಲಿ ಸಣ್ಣ ವಾಲ್ಯೂಮ್ ಸಾಕಾಗಿತ್ತು, ಹಾಗಾಗಿ ತೊಂದರೆ ಕಾಣಿಸಲಿಲ್ಲ.

ಹೀಗೆ ಒಂದರಿಂದ ಒಂದಕ್ಕೆ ಸಿಕ್ಕಿಸುವುದಕ್ಕೆ ಪ್ಯಾರಲಲ್ ಎನ್ನುತ್ತಾರೆ. ಎರಡು 4 ಓಮ್ ಬಾಕ್ಸ್ ಪ್ಯಾರಲಲ್ ಆದರೆ 8 ಓಮ್ ಆಗುವುದಿಲ್ಲ, 2 ಓಮ್ ಆಗುತ್ತದೆ. ಬ್ಯಾಂಕಿನಲ್ಲಿ ಒಂದೇ ಕೌಂಟರ್ ಇದ್ದಲ್ಲಿ ಎರಡು ತೆರೆದರೆ ಜನ ಹೋಗುವುದಕ್ಕೆ ಇರುವ ತಡೆ ಅರ್ಧವಾಗುತ್ತದೆ. ಹಾಗೆಯೇ ಕರೆಂಟ್ ಹರಿಯಲು ಇನ್ನೊಂದು ದಾರಿ ಸಿಕ್ಕಿತು, ತಡೆ ಅರ್ಧವಾಯಿತು. ಕನಿಷ್ಠ 4 ಓಮ್ ಎಂದು ಬರೆದಿದ್ದ ಆಂಪ್ಲಿಗೆ ನಾವು 2 ಓಮ್ ಕಟ್ಟಿದ್ದೆವು.

ಓಮ್ ಅರ್ಧವಾದರೆ ಏನಾಗುತ್ತದೆ?

ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲರೂ ಓಮ್‌ನ ನಿಯಮ ಓದಿದ್ದೇವೆ. ವೋಲ್ಟೇಜನ್ನು ಓಮ್‌ನಿಂದ ಭಾಗಿಸಿದರೆ ಆಂಪಿಯರ್. ವೋಲ್ಟೇಜನ್ನು ಆಂಪಿಯರ್‌ನಿಂದ ಗುಣಿಸಿದರೆ ವ್ಯಾಟ್. ಆಂಪ್ಲಿಯ ವಾಲ್ಯೂಮ್ ತಿರುಗಿಸಿದಾಗ ನಾವು ಹೆಚ್ಚಿಸುವುದು ವೋಲ್ಟೇಜನ್ನು. ಉದಾಹರಣೆಗೆ 20 ವೋಲ್ಟ್ ಇಟ್ಟುಕೊಳ್ಳೋಣ:

8 ಓಮ್ ಬಾಕ್ಸ್: 2.5 ಆಂಪಿಯರ್, 50 ವ್ಯಾಟ್
4 ಓಮ್ ಬಾಕ್ಸ್: 5 ಆಂಪಿಯರ್, 100 ವ್ಯಾಟ್
2 ಓಮ್ ಆದಾಗ: 10 ಆಂಪಿಯರ್, 200 ವ್ಯಾಟ್
1 ಓಮ್ ಆದಾಗ: 20 ಆಂಪಿಯರ್, 400 ವ್ಯಾಟ್

ವಾಲ್ಯೂಮ್ ಗುಂಡಿ ನಾಲ್ಕೂ ಸಲ ಒಂದೇ ಜಾಗದಲ್ಲಿದೆ ಎಂಬುದನ್ನು ಗಮನಿಸಿ. ಹುಡುಗ ಏನೂ ಹೆಚ್ಚು ಮಾಡಿಲ್ಲ. ಬಾಕ್ಸ್ ಕೇಳುವುದು ಹೆಚ್ಚಾಗಿದೆ.

ಆಂಪ್ಲಿ ಈ ಕರೆಂಟನ್ನು ಎಲ್ಲಿಂದ ತರಬೇಕು? ಅದರ ಒಳಗಿನ ಟ್ರಾನ್ಸ್‌ಫಾರ್ಮರ್‌ನಿಂದ. ಕರೆಂಟ್ ಎಲ್ಲಿ ಹಾದು ಹೋಗಬೇಕು? ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳ ಮೂಲಕ. ಅದೇ ವೋಲ್ಟೇಜಿನಲ್ಲಿ ಕರೆಂಟ್ ಎರಡು ಪಟ್ಟಾದರೆ ಟ್ರಾನ್ಸಿಸ್ಟರ್ ಒಳಗಿನ ಬಿಸಿಯೂ ಎರಡು ಪಟ್ಟಾಗುತ್ತದೆ. ಆ ಬಿಸಿಯನ್ನು ಹೊರಗೆ ಬಿಡಲು ಅಲ್ಯೂಮಿನಿಯಮ್ ಹೀಟ್‌ಸಿಂಕ್ ಮತ್ತು ಫ್ಯಾನ್ ಇವೆ. ಅವುಗಳನ್ನು 4 ಓಮ್ ಲೆಕ್ಕಕ್ಕೆ ಮಾಡಿದ್ದರೆ 2 ಓಮ್‌ಗೆ ಸಾಲುವುದಿಲ್ಲ. ಒಳ್ಳೆಯ ಆಂಪ್ಲಿಯಾದರೆ ಬಿಸಿ ಮಿತಿ ಮೀರಿದಾಗ ತಾನೇ ಬಂದ್ ಆಗುತ್ತದೆ, ತಣ್ಣಗಾದ ಮೇಲೆ ಮತ್ತೆ ಶುರುವಾಗುತ್ತದೆ. ಅಂದು ಮೂರು ಸಲ ಆದದ್ದು ಅದೇ. ಆಂಪ್ಲಿ ಮೂರು ಸಲ ‘ನನ್ನಿಂದ ಆಗುತ್ತಿಲ್ಲ’ ಎಂದಿತು. ನಾವು ಮೂರು ಸಲವೂ ಚಪ್ಪಾಳೆ ತಟ್ಟಿ ‘ಬಂತು ಬಂತು’ ಎಂದೆವು.

ಕಾಮರ್ಸ್‌ನವರಿಗೆ ಇದು ಬೇಗ ಅರ್ಥವಾಗುತ್ತದೆ. ಅಕೌಂಟೆನ್ಸಿಯಲ್ಲಿ ಅನುಪಾತ ವಿಶ್ಲೇಷಣೆ ಪಾಠದಲ್ಲಿ ಕರೆಂಟ್ ರೇಶಿಯೋ ಎಂದು ಬರುತ್ತದೆ. 2:1 ಇದ್ದರೆ ಒಳ್ಳೆಯದು ಎಂದು ಓದುತ್ತೇವೆ. ಒಂದು ಅಂಗಡಿ ವರ್ಷದ ಕೊನೆಗೆ ಲಕ್ಷ ರೂಪಾಯಿ ಲಾಭ ತೋರಿಸಬಹುದು. ಆದರೆ ಇವತ್ತು ಬಾಕಿ ಕೇಳಲು ನಾಲ್ಕು ಜನ ಒಟ್ಟಿಗೆ ಬಂದರೆ ಗಲ್ಲಾಪೆಟ್ಟಿಗೆಯಲ್ಲಿ ನಗದು ಬೇಕಲ್ಲ? ವ್ಯಾಟ್ ಎಂದರೆ ಲಾಭದ ಅಂಕಿ. ಆಂಪಿಯರ್ ಎಂದರೆ ಪೆಟ್ಟಿಗೆಯಲ್ಲಿರುವ ನಗದು. ಕಷ್ಟದ ಬಾಕ್ಸ್ ಎಂದರೆ ಎಲ್ಲ ಬಾಕಿಯನ್ನೂ ಒಂದೇ ದಿನ ಕೇಳುವ ಸಾಲಗಾರ. ಹೆಸರು ಒಂದೇ ಆದರೂ ಆ ಕರೆಂಟ್ ರೇಶಿಯೋ ಬೇರೆ, ಈ ಕರೆಂಟ್ ಬೇರೆ. ಆದರೂ ಪಾಠ ಒಂದೇ ಎಂದು ನನಗೆ ಅನಿಸುತ್ತದೆ.

ಹಣೆಪಟ್ಟಿಯ ಅಂಕಿ ಪೂರ್ತಿ ನಿಜವಲ್ಲ

‘4 ಓಮ್’ ಎಂದು ಬರೆದ ಬಾಕ್ಸ್ ಯಾವಾಗಲೂ 4 ಓಮ್ ಇರುವುದಿಲ್ಲ. ಬಾಕ್ಸಿನ ಒಳಗೆ ತಂತಿಯ ಸುರುಳಿಗಳು, ಕೆಪಾಸಿಟರ್‌ಗಳು ಇವೆ. ಆದ್ದರಿಂದ ಸ್ವರ ಬದಲಾದಂತೆ ತಡೆಯೂ ಬದಲಾಗುತ್ತದೆ. ಇದಕ್ಕೇ ಇಂಪೀಡೆನ್ಸ್ ಎನ್ನುವುದು. ಒಂದು ಕಡೆ 20 ಓಮ್‌ಗೆ ಏರಬಹುದು, ಇನ್ನೊಂದು ಕಡೆ 3 ಓಮ್ ಹತ್ತಿರ ಇಳಿಯಬಹುದು. ಅಂತಾರಾಷ್ಟ್ರೀಯ ಐಇಸಿ ಮಾನದಂಡದ ಪ್ರಕಾರ ಅತಿ ಕಡಿಮೆ ಇಳಿತ ಹಣೆಪಟ್ಟಿಯ ಅಂಕಿಯ ಶೇ. 80ಕ್ಕಿಂತ ಕೆಳಗೆ ಹೋಗಬಾರದು. ಅಂದರೆ 8 ಓಮ್ ಬಾಕ್ಸ್ 6.4ರವರೆಗೆ, 4 ಓಮ್ ಬಾಕ್ಸ್ 3.2ರವರೆಗೆ ಇಳಿದರೂ ಪಟ್ಟಿ ತಪ್ಪಲ್ಲ. ಅಂಥ ಎರಡು 4 ಓಮ್ ಬಾಕ್ಸ್ ಸೇರಿದರೆ 1.6 ಓಮ್. ಮನೆಯಲ್ಲಿ ಸಂಗೀತ ಕೇಳುವ ದುಬಾರಿ ಬಾಕ್ಸ್‌ಗಳಲ್ಲಿ ಕೆಲವು 8 ಓಮ್ ಎಂದು ಬರೆದುಕೊಂಡು 3 ಓಮ್‌ಗೂ ಇಳಿಯುತ್ತವೆ.

ಇನ್ನೊಂದು ತೊಡಕು ಇದೆ. ಬಾಕ್ಸಿನಲ್ಲಿ ಕರೆಂಟ್ ಮತ್ತು ವೋಲ್ಟೇಜ್ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವುದಿಲ್ಲ. ಒಂದು ಮುಂದೆ, ಒಂದು ಹಿಂದೆ. ತಿಂಗಳ ಸಂಬಳ ಬರುವುದು ಹತ್ತನೇ ತಾರೀಕು, ಕಂತು ಕಟ್ಟುವುದು ಐದನೇ ತಾರೀಕು ಆದರೆ ಮನೆಯಲ್ಲಿ ಹೇಗಿರುತ್ತದೆ? ಒಟ್ಟು ಲೆಕ್ಕ ಸರಿ ಇದ್ದರೂ ಆ ಐದು ದಿನ ಕಷ್ಟ. ಹಾಗೆಯೇ ಟ್ರಾನ್ಸಿಸ್ಟರ್ ತನ್ನ ಮೇಲೆ ಹೆಚ್ಚು ವೋಲ್ಟೇಜ್ ಇರುವ ಹೊತ್ತಿನಲ್ಲೇ ಹೆಚ್ಚು ಕರೆಂಟ್ ಕೊಡಬೇಕಾಗಿ ಬಂದರೆ, ಹೊರಗೆ ಹೋಗುವ ವ್ಯಾಟ್ ಕಡಿಮೆ ಇದ್ದರೂ ಒಳಗೆ ಬಿಸಿ ಜಾಸ್ತಿ. ಕಡಿಮೆ ಓಮ್ ಮತ್ತು ಈ ಹೊತ್ತು ತಪ್ಪುವಿಕೆ ಎರಡೂ ಸೇರಿದ ಬಾಕ್ಸನ್ನೇ ಕಷ್ಟದ ಬಾಕ್ಸ್ ಎನ್ನುತ್ತಾರೆ.

ಹಾಗಾದರೆ ಕಂಪನಿಗಳು ಕಡಿಮೆ ಓಮ್ ಬಾಕ್ಸ್ ಯಾಕೆ ಮಾಡುತ್ತವೆ? ಒಂದು ಕಾರಣ ನನ್ನ ವಿಷಯಕ್ಕೆ ಸೇರಿದ್ದು. ಬಾಕ್ಸ್ ಎಷ್ಟು ಜೋರು ಎಂದು ಹೇಳುವಾಗ 2.83 ವೋಲ್ಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆಯುವ ರೂಢಿ ಇದೆ. 2.83 ವೋಲ್ಟ್ ಎಂದರೆ 8 ಓಮ್‌ಗೆ 1 ವ್ಯಾಟ್. ಅದೇ 4 ಓಮ್‌ಗೆ 2 ವ್ಯಾಟ್. ಎರಡು ಪಟ್ಟು ಶಕ್ತಿ ತಿಂದು ಜೋರಾಗಿ ಕೂಗಿದರೆ ಅದರಲ್ಲಿ ಏನು ಹೆಚ್ಚುಗಾರಿಕೆ? ಆದರೆ ಕಾಗದದ ಮೇಲೆ 4 ಓಮ್ ಬಾಕ್ಸ್ 3 ಡೆಸಿಬೆಲ್ ಉತ್ತಮವಾಗಿ ಕಾಣುತ್ತದೆ. ಲೆಕ್ಕಪತ್ರದಲ್ಲಿ ಇದಕ್ಕೆ ವಿಂಡೋ ಡ್ರೆಸ್ಸಿಂಗ್ ಎನ್ನುತ್ತೇವೆ. ಸುಳ್ಳು ಬರೆದಿಲ್ಲ, ಆದರೆ ಓದುವವನು ತಪ್ಪು ತಿಳಿಯುವಂತೆ ಬರೆದಿದೆ.

50 ವ್ಯಾಟ್‌ನ ಆಂಪ್ಲಿ ಗೆದ್ದ ಕಥೆ

ಮಾಮು ಮೊದಲು ಗಲ್ಫ್‌ನಲ್ಲಿ ಸೌಂಡ್ ಕೆಲಸದಲ್ಲಿದ್ದರು. ಈ ವಿಷಯ ಕೇಳಿದಾಗ ಅವರು ಹೇಳಿದ್ದು ಅಮೆರಿಕದ ಅಪೋಜಿ ಎಂಬ ಕಂಪನಿಯ ಬಾಕ್ಸಿನ ಕಥೆ. 1980ರ ದಶಕದಲ್ಲಿ ಆ ಕಂಪನಿ ಸಿಂಟಿಲಾ ಎಂಬ ಸ್ಪೀಕರ್ ಮಾಡಿತು. ಅದರಲ್ಲಿ ಕಾಗದದ ಕೋನ್ ಇರಲಿಲ್ಲ, ತೆಳುವಾದ ಲೋಹದ ಪಟ್ಟಿಗಳು ಅಲುಗಾಡಿ ಧ್ವನಿ ಹೊರಡಿಸುತ್ತಿದ್ದವು. ಲೋಹದ ಪಟ್ಟಿಗೆ ತಡೆ ಬಹಳ ಕಡಿಮೆ. ಆದ್ದರಿಂದ ಆ ಸ್ಪೀಕರ್‌ನ ಇಂಪೀಡೆನ್ಸ್ ಕೇವಲ 1 ಓಮ್! ಬೇಕಾದರೆ 4 ಓಮ್‌ಗೆ ಬದಲಿಸುವ ಅನುಕೂಲವೂ ಇತ್ತು. 1 ಓಮ್‌ನಲ್ಲಿ ಅದನ್ನು ನಡೆಸಲು ಆಗಿನ ಅನೇಕ ದೊಡ್ಡ ಆಂಪ್ಲಿಗಳಿಗೆ ಆಗಲಿಲ್ಲ.

ಅಮೆರಿಕದಲ್ಲೇ 1980ರಲ್ಲಿ ಡ್ಯಾನ್ ಡಿ'ಅಗಸ್ಟಿನೊ ಅವರು ಕ್ರೆಲ್ ಎಂಬ ಕಂಪನಿ ಶುರು ಮಾಡಿದ್ದರು. ಅವರ ಕೆಎಸ್ಎ-50 ಎಂಬ ಆಂಪ್ಲಿಯ ಹೆಸರಿನಲ್ಲೇ ಇರುವಂತೆ 8 ಓಮ್‌ಗೆ ಬರೀ 50 ವ್ಯಾಟ್. ಆದರೆ 4 ಓಮ್‌ಗೆ 100, 2 ಓಮ್‌ಗೆ 200. ನಾನು ಮೇಲೆ ಬರೆದ ಪಟ್ಟಿಯನ್ನು ಮತ್ತೆ ನೋಡಿ, ಅದೇ ಲೆಕ್ಕ. ಓಮ್ ಅರ್ಧವಾದಾಗ ವ್ಯಾಟ್ ಎರಡು ಪಟ್ಟಾಗಬೇಕಾದರೆ ಆಂಪ್ಲಿಯ ವೋಲ್ಟೇಜ್ ಕುಸಿಯಬಾರದು. ಅದಕ್ಕೆ ದೊಡ್ಡ ಟ್ರಾನ್ಸ್‌ಫಾರ್ಮರ್, ಹೆಚ್ಚು ಟ್ರಾನ್ಸಿಸ್ಟರ್, ಭಾರಿ ಹೀಟ್‌ಸಿಂಕ್ ಬೇಕು. ಸಾಮಾನ್ಯ ಆಂಪ್ಲಿಗಳಲ್ಲಿ 8 ಓಮ್‌ಗೆ 250 ಇದ್ದರೆ 4 ಓಮ್‌ಗೆ 400 ಎಂದಿರುತ್ತದೆ, 500 ಅಲ್ಲ. ವೋಲ್ಟೇಜ್ ಕುಸಿಯಿತು ಎಂದು ಅಲ್ಲೇ ತಿಳಿಯುತ್ತದೆ. 2 ಓಮ್ ಎಂಬ ಸಾಲೇ ಇಲ್ಲದಿದ್ದರೆ, ಇಲ್ಲದಿರುವುದೇ ಉತ್ತರ.

ಕಷ್ಟದ ಬಾಕ್ಸಿನ ಮುಂದೆ 250 ವ್ಯಾಟ್‌ನ ಆಂಪ್ಲಿ ಸೋತು 50 ವ್ಯಾಟ್‌ನದು ಗೆಲ್ಲಬಹುದು. ಹೀಗಿರುವಾಗ ‘1000 ವ್ಯಾಟ್ ತಂದರೆ ಸರಿಹೋಗುತ್ತದೆ’ ಎಂದು ಹೇಳುವುದು ಹೇಗೆ? ಆ 1000 ಯಾವ ಓಮ್‌ಗೆ? ಎರಡು ಚಾನೆಲ್ ಸೇರಿಸಿಯೋ, ಒಂದಕ್ಕೋ? ನಿರಂತರವಾಗಿ ಕೊಡುವುದೋ, ಒಂದು ಕ್ಷಣಕ್ಕೆ ಮಾತ್ರವೋ? ನಮ್ಮ ಮನೆಗಳಲ್ಲಿದ್ದ ಹಳೇ ಟೇಪ್‌ರೆಕಾರ್ಡರ್‌ಗಳ ಮೇಲೆ ಪಿಎಂಪಿಒ ಎಂದು ಸಾವಿರಗಟ್ಟಲೆ ವ್ಯಾಟ್ ಬರೆದಿರುತ್ತಿತ್ತು. ಅವು ಎಷ್ಟು ಕೂಗುತ್ತಿದ್ದವೆಂದು ನಮಗೆ ಗೊತ್ತು.

ಇನ್ನೂ ಒಂದು ಅಪಾಯ ಇದೆ. ಕೆಲವು ಆಂಪ್ಲಿಗಳಲ್ಲಿ ‘ಬ್ರಿಡ್ಜ್’ ಮಾಡಿದಾಗ ಮಾತ್ರ 1000 ವ್ಯಾಟ್ ಸಿಗುತ್ತದೆ. ಬ್ರಿಡ್ಜ್ ಎಂದರೆ ಎರಡು ಚಾನೆಲ್ ಸೇರಿ ಒಂದೇ ಲೋಡನ್ನು ನಡೆಸುವುದು. ಆಗ ಪ್ರತಿ ಚಾನೆಲ್‌ಗೆ ಲೋಡಿನ ಅರ್ಧ ಓಮ್ ಮಾತ್ರ ಕಾಣುತ್ತದೆ. 4 ಓಮ್ ಬಾಕ್ಸನ್ನು ಬ್ರಿಡ್ಜ್‌ಗೆ ಕಟ್ಟಿದರೆ ಪ್ರತಿ ಚಾನೆಲ್‌ಗೆ 2 ಓಮ್. ಅಂದರೆ ದುಡ್ಡು ಕೊಟ್ಟು ಅದೇ ಗುಂಡಿಗೆ ಮತ್ತೆ ಬಿದ್ದಂತೆ.

ನಾವು ಅಳೆದು ನೋಡಿದೆವು

ಬರೀ ಮಾತಾಡಬಾರದು ಎಂದು ಫಿಸಿಕ್ಸ್ ಸರ್ ಅನುಮತಿ ಪಡೆದು ಲ್ಯಾಬಿನ ಮಲ್ಟಿಮೀಟರ್ ತೆಗೆದುಕೊಂಡು ನಾನು, ನನ್ನ ಇಬ್ಬರು ಗೆಳತಿಯರು ಬಾಕ್ಸ್‌ಗಳನ್ನು ಅಳೆದೆವು. ಮೊದಲು ಮೀಟರಿನ ಎರಡು ತುದಿ ಒಂದಕ್ಕೊಂದು ತಾಗಿಸಿದಾಗ 0.3 ತೋರಿಸಿತು. ಅದು ಮೀಟರಿನ ತಂತಿಯದು, ಅದನ್ನು ಕಳೆಯಬೇಕು ಎಂದು ಮಾಮು ಹೇಳಿಕೊಟ್ಟಿದ್ದರು. ಕಾಲೇಜಿನ ಬಾಕ್ಸ್ 3.6 ತೋರಿಸಿತು, ಅಂದರೆ 3.3. ಹೈಸ್ಕೂಲಿನದು 3.7, ಅಂದರೆ 3.4. ಎರಡನ್ನೂ ಅಂದಿನ ಹಾಗೆ ಸಿಕ್ಕಿಸಿ ಅಳೆದಾಗ 2.0, ಅಂದರೆ 1.7. ಮಲ್ಟಿಮೀಟರ್ ತೋರಿಸುವುದು ತಂತಿ ಸುರುಳಿಯ ಬರಿ ತಡೆ ಮಾತ್ರ, ಪೂರ್ತಿ ಇಂಪೀಡೆನ್ಸ್ ಅಲ್ಲ. ಆದರೆ ಅಪಾಯ ಎಲ್ಲಿದೆ ಎಂದು ತಿಳಿಯಲು ಅಷ್ಟು ಸಾಕು. ಐದು ನಿಮಿಷದ ಕೆಲಸ. ವಾರ್ಷಿಕೋತ್ಸವದ ಹಿಂದಿನ ದಿನ ಇದನ್ನು ಮಾಡಿದ್ದರೆ 6,800 ರೂಪಾಯಿ ಉಳಿಯುತ್ತಿತ್ತು.

ಹಿಂದಿನ ಬಾಕ್ಸ್‌ಗಳಿಗೆ ಎಳೆದ ತಂತಿಯನ್ನೂ ನೋಡಿದೆವು. 1 ಚದರ ಮಿ.ಮೀ. ತಾಮ್ರದ ತಂತಿ, ಉದ್ದ ಸುಮಾರು 25 ಮೀಟರ್. ಹೋಗಿ ಬರುವುದು ಸೇರಿ 50 ಮೀಟರ್, ಅದರ ತಡೆಯೇ ಸುಮಾರು 0.86 ಓಮ್. 4 ಓಮ್ ಬಾಕ್ಸಿಗೆ ಇಷ್ಟು ತಂತಿ ಕಟ್ಟಿದರೆ ಬಾಕ್ಸಿಗೆ ತಲುಪುವ ಶಕ್ತಿ ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗುತ್ತದೆ. ಹಾಗಾಗಿ ಹಿಂದೆ ಕುಳಿತ ನಾವು ‘ಜೋರು, ಜೋರು’ ಎಂದು ಕೂಗಿದೆವು. ಉಪನ್ಯಾಸಕರೂ ಕೈ ಎತ್ತಿ ಸನ್ನೆ ಮಾಡಿದರು. ಅವನು ಎಲ್ಲರ ಮಾತು ಕೇಳಿ ಜೋರು ಮಾಡಿದ. ಆ ಕೂಗಿನಲ್ಲಿ ನನ್ನ ದನಿಯೂ ಇತ್ತು. 3,400 ರೂಪಾಯಿಯನ್ನು ಹಂಚುವುದಾದರೆ ನನ್ನ ಪಾಲೂ ಅದರಲ್ಲಿ ಬರಬೇಕು.

ಏನು ಮಾಡಬಹುದು?

ಮಾಮು ಜೊತೆ ಕೂತು ದಾರಿಗಳನ್ನು ಪಟ್ಟಿ ಮಾಡಿದೆ.

ಮೊದಲನೆಯದು ಸೀರೀಸ್. ಎರಡು 4 ಓಮ್ ಬಾಕ್ಸನ್ನು ಒಂದರ ಹಿಂದೆ ಒಂದರಂತೆ ಕಟ್ಟಿದರೆ 8 ಓಮ್ ಆಗುತ್ತದೆ, ಆಂಪ್ಲಿ ಆರಾಮಾಗಿರುತ್ತದೆ. ಖರ್ಚು ಏನೂ ಇಲ್ಲ. ಆದರೆ ಒಟ್ಟು ಶಕ್ತಿ ಕಡಿಮೆ, ಒಂದು ಬಾಕ್ಸ್ ಕೆಟ್ಟರೆ ಇನ್ನೊಂದೂ ಮೌನ. ಎರಡೂ ಒಂದೇ ಮಾದರಿಯದಾಗಿರಬೇಕು, ಇಲ್ಲದಿದ್ದರೆ ಧ್ವನಿ ಹದಗೆಡುತ್ತದೆ. ಕಾಲೇಜಿನದು ಬೇರೆ, ಹೈಸ್ಕೂಲಿನದು ಬೇರೆ ಮಾದರಿ. ಆದ್ದರಿಂದ ನಮಗೆ ಇದು ಸರಿಯಲ್ಲ.

ಎರಡನೆಯದು ಆಂಪ್ಲಿ ಮತ್ತು ಬಾಕ್ಸಿನ ನಡುವೆ ಟ್ರಾನ್ಸ್‌ಫಾರ್ಮರ್. ಹಳೇ ಮೈಕ್‌ಸೆಟ್‌ಗಳ ಹಿಂದೆ 4, 8, 16 ಎಂದು ಬೇರೆ ಬೇರೆ ತಿರುಪು ಇರುವುದನ್ನು ನೋಡಿರಬಹುದು. ಅಮೆರಿಕದ ಮ್ಯಾಕಿಂಟೋಶ್ ಕಂಪನಿ ಇಂದಿಗೂ ತನ್ನ ಅನೇಕ ಆಂಪ್ಲಿಗಳಲ್ಲಿ 2, 4, 8 ಓಮ್‌ಗೆ ಬೇರೆ ಬೇರೆ ತಿರುಪು ಕೊಡುತ್ತದೆ. ವಿಧಾನ ಒಳ್ಳೆಯದು, ಆದರೆ ನಮ್ಮ ಆಂಪ್ಲಿಯಲ್ಲಿ ಆ ಅನುಕೂಲ ಇಲ್ಲ.

ಮೂರನೆಯದು, ಹೆಚ್ಚುವರಿ ಬಾಕ್ಸ್‌ಗಳಿಗೆ ಬೇರೆ ಆಂಪ್ಲಿ. ವರ್ಷದಲ್ಲಿ ಪೆಂಡಾಲ್ ಹಾಕುವುದು ಒಂದೋ ಎರಡೋ ದಿನ. ಆ ದಿನಕ್ಕೆ ಬಾಡಿಗೆಗೆ ತಂದರೆ ಸಾಕು. ಆಂಪ್ಲಿಯನ್ನು ಹಿಂದಿನ ಬಾಕ್ಸಿನ ಹತ್ತಿರವೇ ಇಟ್ಟರೆ ತಂತಿಯ ನಷ್ಟವೂ ತಪ್ಪುತ್ತದೆ. ನನ್ನ ಆಯ್ಕೆ ಇದೇ.

ನಾಲ್ಕನೆಯದು ಹೊಸದು ಕೊಳ್ಳುವುದು. ಕೊಳ್ಳಲೇಬೇಕಾದರೆ, ಬಾಕ್ಸ್ ಆದರೆ 8 ಓಮ್‌ನದು ಕೊಳ್ಳಿ, ಎರಡು ಸೇರಿದರೂ 4 ಆಗುತ್ತದೆ. ಆಂಪ್ಲಿ ಆದರೆ 2 ಓಮ್‌ಗೆ ಇಷ್ಟು ವ್ಯಾಟ್, ನಿರಂತರವಾಗಿ ಎಂದು ಬರಹದಲ್ಲಿ ಕೊಡುವಂಥದ್ದನ್ನು ಕೊಳ್ಳಿ. ಬಾಯಿಮಾತಿನ ವ್ಯಾಟ್‌ಗೆ ದುಡ್ಡು ಕೊಡಬೇಡಿ.

ಇಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು. ಬಾಡಿಗೆಗೆ ತನ್ನಿ ಎಂದು ಬರೆಯುವವಳು ಬಾಡಿಗೆ ಅಂಗಡಿಯವರ ಸೋದರ ಸೊಸೆ. ಅದಕ್ಕೇ ಮಾಮು ಅವರೇ ಹೇಳಿದ್ದಾರೆ: ‘ನಿಮ್ಮ ಕಾಲೇಜಿನ ಕೆಲಸ ನಾನು ಹಿಡಿಯುವುದಿಲ್ಲ ಬೇಟಾ, ಬೇರೆ ಅಂಗಡಿಯಿಂದ ತರಿಸಲಿ.’ ನಮ್ಮ ಊರಿನಲ್ಲಿ ಬೇರೆ ಅಂಗಡಿಗಳೂ ಇವೆ.

‘ಆದರೂ ಅವನು ನಿಲ್ಲಿಸಬೇಕಿತ್ತು’

ಈ ವಾದವನ್ನು ನಾನು ಕೇಳಿದ್ದೇನೆ. ಕೆಂಪು ದೀಪ ಮಿನುಗುತ್ತಿತ್ತು, ಮೂರು ಸಲ ಬಂದ್ ಆಯಿತು, ಆಗಲಾದರೂ ನಿಲ್ಲಿಸಬೇಕಿತ್ತು ಎನ್ನುತ್ತಾರೆ. ಈ ಮಾತಿನಲ್ಲಿ ಸತ್ಯ ಇದೆ. ಕೆಂಪು ದೀಪ ಉರಿದರೆ ಆಂಪ್ಲಿ ತನ್ನ ಮಿತಿ ಮುಟ್ಟಿದೆ ಎಂದರ್ಥ. ಆಗ ಅಲೆಯ ತುದಿ ಕತ್ತರಿಸಿದಂತಾಗಿ ಧ್ವನಿ ಒಡೆಯುತ್ತದೆ, ಬಾಕ್ಸಿನ ಟ್ವೀಟರ್ ಕೂಡ ಸುಡಬಹುದು. ವಾಲ್ಯೂಮ್ ಇಳಿಸಿದ್ದರೆ ವೋಲ್ಟೇಜ್ ಇಳಿದು ಕರೆಂಟೂ ಇಳಿಯುತ್ತಿತ್ತು, ಬಹುಶಃ ಆಂಪ್ಲಿ ಉಳಿಯುತ್ತಿತ್ತು.

ಆದರೆ ಆ ದೀಪದ ಅರ್ಥ ಅವನಿಗೆ ಯಾರು ಹೇಳಿಕೊಟ್ಟಿದ್ದರು? ಮ್ಯಾನುಯಲ್ ಎಲ್ಲಿದೆ ಎಂದು ಕಚೇರಿಯಲ್ಲಿ ಕೇಳಿದೆ, ಸಿಗಲಿಲ್ಲ. ಹೆಚ್ಚುವರಿ ಬಾಕ್ಸ್ ತರಿಸುವ ತೀರ್ಮಾನ ಅವನದಲ್ಲ, ಕಾರ್ಯಕ್ರಮ ಸಮಿತಿಯದು. ಸಮಿತಿಯಲ್ಲಿ ವಿದ್ಯಾರ್ಥಿಗಳೂ ಇದ್ದೆವು, ನಾನೂ ಇದ್ದೆ. ನೂರಾರು ಜನ ಕೂತಿರುವಾಗ, ನಾಟಕ ನಡೆಯುತ್ತಿರುವಾಗ, ಎಲ್ಲರೂ ಜೋರು ಮಾಡು ಎನ್ನುವಾಗ ಹದಿನೇಳು ವರ್ಷದ ಹುಡುಗ ಗುಂಡಿಯನ್ನು ಇಳಿಸುತ್ತಾನೆಯೇ? ನಾನಾಗಿದ್ದರೆ ಇಳಿಸುತ್ತಿರಲಿಲ್ಲ. ಹಾಗಿರುವಾಗ ನಿರ್ಲಕ್ಷ್ಯ ಎಂಬ ಪದವನ್ನು ಅವನೊಬ್ಬನ ಹೆಸರಿನ ಮುಂದೆ ಬರೆಯುವುದು ಸರಿಯಲ್ಲ.

ನನ್ನ ಮೂರು ವಿನಂತಿಗಳು

ಪ್ರಿನ್ಸಿಪಾಲ್ ಸರ್ ಅವರಲ್ಲಿ ಮತ್ತು ಆಡಳಿತ ಮಂಡಳಿಯವರಲ್ಲಿ ಗೌರವದಿಂದ ಕೇಳಿಕೊಳ್ಳುವುದು ಇಷ್ಟು.

ಒಂದು, ಆ 3,400 ರೂಪಾಯಿಯನ್ನು ಕೈಬಿಡಿ, ನೋಟಿಸನ್ನು ಹಿಂಪಡೆಯಿರಿ. ದಂಡ ಹಾಕಲೇಬೇಕಾದರೆ ಇಡೀ ಕಾರ್ಯಕ್ರಮ ಸಮಿತಿಗೆ ಹಾಕಿ, ನಾವು ಹಂಚಿಕೊಂಡು ಕಟ್ಟುತ್ತೇವೆ.

ಎರಡು, 1000 ವ್ಯಾಟ್ ಆಂಪ್ಲಿಯ ಖರೀದಿಯನ್ನು ಸದ್ಯಕ್ಕೆ ನಿಲ್ಲಿಸಿ. ವಿದ್ಯಾರ್ಥಿ ನಿಧಿ ನಮ್ಮ ಶುಲ್ಕದಿಂದ ಬಂದದ್ದು. ಮೊದಲು ನಮ್ಮ ಬಳಿ ಇರುವ ಪ್ರತಿ ಬಾಕ್ಸನ್ನೂ ಫಿಸಿಕ್ಸ್ ವಿಭಾಗದವರು ಅಳೆಯಲಿ. ಕೊಟೇಶನ್ ಹೋಲಿಸುವ ಕೆಲಸವನ್ನು ಕಾಮರ್ಸ್ ವಿಭಾಗಕ್ಕೆ ಕೊಡಿ, ನಾವು ಮಾಡುತ್ತೇವೆ.

ಮೂರು, ಆಂಪ್ಲಿಯ ಮುಂಭಾಗದಲ್ಲಿ, ಎಲ್ಲರ ಕಣ್ಣಿಗೆ ಬೀಳುವಂತೆ, ಕನ್ನಡದಲ್ಲೂ ಉರ್ದುವಿನಲ್ಲೂ ಒಂದು ಚೀಟಿ ಅಂಟಿಸೋಣ: ‘ಒಂದು ಚಾನೆಲ್‌ಗೆ 4 ಓಮ್‌ನ ಒಂದೇ ಬಾಕ್ಸ್. ಕೆಂಪು ದೀಪ ಬಂದರೆ ವಾಲ್ಯೂಮ್ ಇಳಿಸಿ.’ ಇದಕ್ಕೆ ಬೇಕಾದ ಕಾಗದ ಮತ್ತು ಗೋಂದು ನಾನೇ ತರುತ್ತೇನೆ.

ಈ ಲೇಖನ ಬರೆಯುತ್ತಿದ್ದೇನೆ ಎಂದಾಗ ಅಬ್ಬು, ‘ನಿನಗೇಕೆ ಇಲ್ಲದ ಉಸಾಬರಿ, ಪರೀಕ್ಷೆ ಹತ್ತಿರ ಬಂತು’ ಎಂದರು. ಅಮ್ಮಿ ಮಾತ್ರ ಒಂದು ಮಾತು ಹೇಳಿದರು. ಕನ್ನಡ ಪತ್ರಿಕೆಗಳಲ್ಲಿ ‘ಅಮಾನತು’ ಎಂದರೆ ನೌಕರನನ್ನು ಕೆಲಸದಿಂದ ದೂರ ಇಡುವುದು. ನಮ್ಮ ಮನೆಯ ಮಾತಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಒಪ್ಪಿಸಿಕೊಂಡವನು ಅದನ್ನು ಜೋಪಾನ ಮಾಡಬೇಕು ನಿಜ, ಆದರೆ ಒಪ್ಪಿಸುವವರು ಅದು ಏನು, ಎಷ್ಟು ತಡೆಯುತ್ತದೆ ಎಂದು ಹೇಳಿ ಒಪ್ಪಿಸಬೇಕು ಎಂದರು ಅಮ್ಮಿ. ನಾವು ಆ ಹುಡುಗನಿಗೆ ಆಂಪ್ಲಿಯನ್ನು ಕೊಟ್ಟೆವು, ಅದರ ಬೆನ್ನಿನ ಮೇಲೆ ಬರೆದದ್ದನ್ನು ಹೇಳಲಿಲ್ಲ.

ಗಣರಾಜ್ಯೋತ್ಸವದ ದಿನ ಅವನು ಮೈಕ್ ಹತ್ತಿರ ಬರಲಿಲ್ಲ, ಹಿಂದಿನ ಸಾಲಿನಲ್ಲಿ ನಿಂತಿದ್ದ. ಮುಂದಿನ ತಿಂಗಳು ನಮ್ಮ ಬೀಳ್ಕೊಡುಗೆ ಸಮಾರಂಭ ಇದೆ. ಅಂದು ಸೌಂಡ್ ಅವನೇ ನೋಡಿಕೊಳ್ಳಬೇಕು ಎಂಬುದು ನನ್ನ ಆಸೆ. ಹಿಂದಿನ ದಿನ ಮಲ್ಟಿಮೀಟರ್ ಹಿಡಿದುಕೊಂಡು ಅವನ ಜೊತೆ ನಾನೂ ಬರುತ್ತೇನೆ.